ಅರ್ಧಕ್ಕೆ ಹಿಡಿದ ನೋವು

ಬಟ್ಟೆ ಸರಿಮಾಡಿಕೊಡುವ ಅಂಗಡಿಗೆ ಯಾರೂ ನಗುತ್ತಾ ಬರುವುದಿಲ್ಲ. ಹೊಸ ಬಟ್ಟೆ ಹೊಲಿಸಲು ಬರುವವರ ಮುಖವೇ ಬೇರೆ, ಅಲ್ಲಿ ಆಸೆ ಇರುತ್ತದೆ. ಇಲ್ಲಿಗೆ ಬರುವವರಿಗೆ ಇರುವುದು ಬರೀ ದೂರು. ಸೊಂಟ ದೊಗಲೆ, ತೋಳು ಉದ್ದ, ಕಂಕುಳಲ್ಲಿ ಬಿಗಿ, ಹೋದ ವರ್ಷ ಸರಿಯಾಗಿತ್ತು, ಈಗ ಏನಾಯಿತೋ ಗೊತ್ತಿಲ್ಲ. ಏನಾಯಿತೆಂದು ಅಂಗಡಿಯ ನಿಲುವುಗನ್ನಡಿಗೆ ಗೊತ್ತು, ಪುಣ್ಯಕ್ಕೆ ಅದು ಬಾಯಿ ಬಿಡುವುದಿಲ್ಲ. ಕೌಂಟರಿನ ಹಿಂದೆ ಕುಳಿತ ಅತ್ತೆ ಮೂವತ್ತು ವರ್ಷಗಳಿಂದ ಈ ದೂರುಗಳಿಗೆಲ್ಲ ತಲೆಯಾಡಿಸುತ್ತಾ, ಚೀಟಿ ಬರೆದು, ಬಟ್ಟೆಗೆ ಗುಂಡುಸೂಜಿಯಿಂದ ಸಿಕ್ಕಿಸುತ್ತಾ ಬಂದವರು.

ಆ ಅಂಗಡಿಗೆ ಇದ್ದದ್ದು ಒಂದೇ ಕಾನೂನು. ಗಿರಾಕಿ ಎರಡು ಇಂಚು ದೊಗಲೆ ಎಂದರೆ ಚೀಟಿಯಲ್ಲಿ ಒಂದು ಇಂಚು. ನಾಲ್ಕು ಎಂದರೆ ಎರಡು. ಹೇಳಿದಷ್ಟನ್ನೂ ನಂಬಿ ಹಿಡಿದು ಹೊಲಿದರೆ ಮುಂದಿನ ವಾರ ಅದೇ ಮನುಷ್ಯ ಉಸಿರು ಕಟ್ಟಿಕೊಂಡು ಓಡಿ ಬರುತ್ತಾನೆ, ತಪ್ಪು ಅಂಗಡಿಯದಾಗುತ್ತದೆ.

"ದೂರು ಹೇಳೋರು ಯಾವಾಗ್ಲೂ ಒಂದಕ್ಕೆರಡು ಮಾಡೇ ಹೇಳ್ತಾರೆ ಕಣೇ," ಎಂದು ಅತ್ತೆ ಸೊಸೆಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. "ಸುಳ್ಳು ಹೇಳ್ತಾರೆ ಅಂತಲ್ಲ, ಪಾಪ. ಬಾಯಿ ಹಾಗೆ. ನಾವು ಅರ್ಧ ಹಿಡಿದ್ರೆ ಸರಿಯಾಗಿ ಕೂತ್ಕೊಳ್ಳುತ್ತೆ."

ಹಾಗೆಯೇ ಕೂರುತ್ತಿತ್ತು. ಯಾರೂ ವಾಪಸು ಬಂದದ್ದಿಲ್ಲ.

ಸೊಸೆಯದು ಕೈಹೊಲಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳಿಗೆ ಒಂದು ಕೋಟಿನ ತೋಳು ಕೊಟ್ಟು ಅಂಚು ಮಡಿಸಲು ಹೇಳಿದ್ದರು. ಮುಗಿಸಿ ಕೊಟ್ಟಾಗ ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡಿ, "ಹೊಲಿಗೆ ಎಲ್ಲೇ?" ಎಂದು ಕೇಳಿದ್ದರು. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ ಅವಳದಾಯಿತು. ಅತ್ತೆಗೆ ಸೊಸೆ ಎಂದರೆ ಅಚ್ಚುಮೆಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಓದುವವರು ಅತ್ತೆಯನ್ನು ರಾಕ್ಷಸಿ ಎಂದು ಶಪಿಸಿ ಕೈತೊಳೆದುಕೊಂಡುಬಿಡುತ್ತಾರೆ. ಅಷ್ಟು ಸುಲಭವಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ.

ಮದುವೆಯಾದ ಎರಡನೇ ವರ್ಷ ಸೊಸೆಯ ಕೆನ್ನೆ ಕೆಂಪಾಯಿತು, ಕೂದಲು ಬಾಚಣಿಗೆಯ ತುಂಬ ಬಂತು, ಬೆರಳ ಗಿಣ್ಣುಗಳು ಊದಿಕೊಂಡವು. ಹತ್ತಾರು ಕಡೆ ಅಲೆದ ಮೇಲೆ ಕಾಯಿಲೆಗೆ ಒಂದು ಹೆಸರು ಸಿಕ್ಕಿತು: ಲೂಪಸ್. ಮೈಯನ್ನು ಕಾಯಬೇಕಾದ ಕಾವಲುಗಾರನೇ ತಲೆಕೆಟ್ಟು ಮನೆಯವರ ಮೇಲೆ ದೊಣ್ಣೆ ಎತ್ತುವ ಕಾಯಿಲೆ ಅದು. ಇವತ್ತು ಕೀಲಿಗೆ, ನಾಳೆ ಚರ್ಮಕ್ಕೆ, ಕೈಮೀರಿದರೆ ಮೂತ್ರಪಿಂಡಕ್ಕೆ. ಬೇರುಸಹಿತ ಕೀಳಲು ಬರುವುದಿಲ್ಲ, ಮಾತ್ರೆ ಕೊಟ್ಟು ಮಲಗಿಸಬಹುದು ಅಷ್ಟೇ. ನೋಡುವವರ ಕಣ್ಣಿಗೆ ಮಾತ್ರ ಅವಳು ಗುಂಡುಕಲ್ಲಿನ ಹಾಗೆ ಇದ್ದಳು. ಕಾಲು ಮುರಿದವನಿಗೆ ಬಿಳಿ ಪಟ್ಟಿಯಾದರೂ ಇರುತ್ತದೆ, ಜನ ಬಸ್ಸಿನಲ್ಲಿ ಸೀಟು ಬಿಡುತ್ತಾರೆ. ಇವಳಿಗೆ ತೋರಿಸಲು ಏನೂ ಇರಲಿಲ್ಲ.

ಮಗು ಬೇಕೆಂದಾಗ, ಅವಳ ಕಾಯಿಲೆ ನೋಡುತ್ತಿದ್ದ ಕೀಲು ಡಾಕ್ಟರಮ್ಮ ಎರಡು ವರ್ಷ ಕಾಯಿಸಿದರು. ಕಾಯಿಲೆ ಪೂರ್ತಿ ಮಲಗಿದೆ ಎಂದು ಖಾತ್ರಿಯಾದ ಮೇಲೆಯೇ ಹೂಂ ಎಂದರು. ಬಸುರಿ ಎಂದು ತಿಳಿದ ದಿನ ಮೇಜಿನ ಮೇಲೆ ಒಂದು ಗೆರೆ ಹಾಕಿದ ಪುಸ್ತಕ ಇಟ್ಟರು.

"ಮಾತ್ರೆ ಒಂದು ದಿನವೂ ಬಿಡಬಾರದು. ಇನ್ನೊಂದು, ಬೆಳಿಗ್ಗೆ ಎದ್ದ ಕೂಡಲೇ ಕೀಲುನೋವು ಎಷ್ಟು ಅಂತ ಇದರಲ್ಲಿ ಬರೀಬೇಕು. ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗಲ್ಲ. ಶನಿವಾರ ಶನಿವಾರ ಪುಟದ ಫೋಟೋ ತೆಗೆದು ಕಳಿಸಿ. ಹೆಚ್ಚಾಗಿದ್ರೆ ನಾವೇ ಫೋನ್ ಮಾಡಿ ಕರೆಸ್ತೀವಿ. ಕಾಯಿಲೆ ಮತ್ತೆ ಎದ್ರೆ ಮೊದಲು ಗೊತ್ತಾಗೋದು ನಿಮಗೆ, ನಮಗಲ್ಲ. ಬೇಗ ಸಿಕ್ಕಿದ್ರೆ ಮಲಗಿಸಬಹುದು. ತಡವಾದ್ರೆ ಮಗು ಹೊಟ್ಟೇಲಿ ಇರೋಕಾಗಲ್ಲ."

ಪುಸ್ತಕವನ್ನು ತೆಗೆದುಕೊಂಡದ್ದು ಪಕ್ಕದಲ್ಲಿ ಕುಳಿತಿದ್ದ ಅತ್ತೆ. "ನಾನು ನೋಡ್ಕೋತೀನಿ ಡಾಕ್ಟ್ರೇ, ಬರೆಯೋದು ನನಗೆ ಹೊಸದಲ್ಲ," ಎಂದರು. ಸೊಸೆಗೆ ಕಣ್ಣು ತುಂಬಿ ಬಂತು. ತವರಿನಲ್ಲಿ ತಾಯಿ ಇಲ್ಲದವಳು ಅವಳು.

ಮೊದಲ ನಾಲ್ಕು ತಿಂಗಳು ಸೊನ್ನೆ, ಒಂದು, ಸೊನ್ನೆ. ಐದನೇ ತಿಂಗಳ ಒಂದು ಬೆಳಿಗ್ಗೆ ಎದ್ದಾಗ ಬೆರಳುಗಳು ಮುಚ್ಚಲೂ ಇಲ್ಲ, ಬಿಚ್ಚಲೂ ಇಲ್ಲ. ಬೇರೆ ಯಾರದೋ ಕೈಯನ್ನು ತಂದು ತನ್ನ ಮಣಿಕಟ್ಟಿಗೆ ಹೊಲಿದ ಹಾಗಿತ್ತು. ಮಂಡಿ ಮಡಿಸುವಾಗ ಒಳಗೆ ಮರಳು ಹಾಕಿ ಅರೆದಂತಾಯಿತು. ಹೊಟ್ಟೆ ಇನ್ನೂ ಅಷ್ಟು ದೊಡ್ಡದಿಲ್ಲ, ಆದರೂ ಮಂಚದಿಂದ ಏಳಲು ಅವಳು ಮೊಣಕೈ ಊರಿ, ಪಕ್ಕಕ್ಕೆ ಹೊರಳಿ, ಗೋಡೆಗೆ ಭುಜ ಕೊಟ್ಟು ನಿಲ್ಲುವ ಹೊತ್ತಿಗೆ ಬಾತ್‌ರೂಮಿಗೆ ಹೋಗುವ ಅವಸರ ಮುಗಿದೇಹೋಗಿತ್ತು. ಒದ್ದೆ ಬಟ್ಟೆಯಲ್ಲಿ ನಿಂತು ಅತ್ತಳು.

ನೋವಿನ ಜೊತೆ ಸಂಸಾರ ಮಾಡಲು ಮನುಷ್ಯರು ಬಲು ಬೇಗ ಕಲಿಯುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಗೆ ಅವಳು ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಳು. ನಲ್ಲಿಯನ್ನು ಅಂಗೈಯಿಂದ ತಳ್ಳಿ ತಿರುಗಿಸಿದಳು. ಗುಂಡಿ ಇರುವ ರವಿಕೆಗಳನ್ನು ಮೂಲೆಗೆ ಹಾಕಿದಳು. ಊರಿನವರ ಬಟ್ಟೆಗೆಲ್ಲ ಗುಂಡಿ ಹಾಕಿಕೊಡುವವಳಿಗೆ ತನ್ನದೇ ಗುಂಡಿ ಹಾಕಿಕೊಳ್ಳಲಾಗದೆ ನಗು ಬಂತು, ಒಳ್ಳೆಯ ನಗುವಲ್ಲ. ಹೊಲಿಯುವಾಗ ಬೆರಳಿಗೆ ತೊಡುವ ಲೋಹದ ಟೋಪಿ ಬೆಳಿಗ್ಗೆ ಉಗುರಿನ ಬುಡಕ್ಕೇ ನಿಂತುಬಿಡುತ್ತಿತ್ತು. ಹನ್ನೊಂದರ ಮೇಲೆ ಊತ ಇಳಿದಾಗ ಒಳಕ್ಕೆ ಜಾರುತ್ತಿತ್ತು. ಅಲ್ಲಿಯವರೆಗೆ ಗುಂಡಿಯ ಡಬ್ಬಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುವ ನೆವದಲ್ಲಿ ಕೂರುತ್ತಿದ್ದಳು.

ಗಂಡ ಬಸ್ ಡ್ರೈವರು, ಬೆಳಗಿನ ಪಾಳಿ. ಇವಳು ಏಳುವ ಮೊದಲೇ ಡ್ಯೂಟಿಗೆ ಹೊರಟಿರುತ್ತಿದ್ದ. ಹಾಗಾಗಿ ಬೆಳಗಿನ ಕೈಗಳನ್ನು ಅವನೂ ನೋಡಲಿಲ್ಲ. ನೋಡಿದ್ದು ಅತ್ತೆ ಒಬ್ಬರೇ. ದಿನಾ ಬೋಗುಣಿಯಲ್ಲಿ ಬಿಸಿನೀರು ತಂದು, ಮೊದಲು ತಮ್ಮ ಮೊಣಕೈ ಅದ್ದಿ ಹದ ನೋಡಿ, ಸೊಸೆಯ ಎರಡೂ ಕೈಗಳನ್ನು ಅದರಲ್ಲಿ ಇಳಿಸುತ್ತಿದ್ದರು. ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದರು. ಆಮೇಲೆ ಕೈ ಒರೆಸಿಕೊಂಡು ಪುಸ್ತಕ ತೊಡೆಯ ಮೇಲಿಟ್ಟು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕೇಳುತ್ತಿದ್ದರು.

"ಎಷ್ಟೇ ಇವತ್ತು?"

ಬಾಯಿಗೆ ಬರುತ್ತಿದ್ದದ್ದು ಎಂಟು. ಆದರೆ ಎದುರಿಗೆ ಕುಳಿತಿದ್ದವರು ಬೆಳಿಗ್ಗೆಯೇ ಎದ್ದು ನೀರು ಕಾಯಿಸಿದವರು, ಅರವತ್ತೆರಡು ವರ್ಷದವರು, ಇನ್ನು ಅಂಗಡಿಯ ಬಾಗಿಲು ತೆಗೆಯಬೇಕಾದವರು. ಅವರ ಮುಖಕ್ಕೆ ಎಂಟು ಎಂದು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ನೀರಿಗೆ ಕೈ ಇಟ್ಟ ಮೇಲೆ ಒಂಚೂರು ಕಡಿಮೆಯಾಗಿದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅನ್ನುತ್ತಿದ್ದಳು:

"ಆರು ಅತ್ತೆ."

ಅತ್ತೆ ತಲೆಯಾಡಿಸಿ ಬರೆದು, ಪುಸ್ತಕ ಮುಚ್ಚಿ, ಅಂಗಡಿಯ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಶನಿವಾರ ಸಂಜೆ ಗಂಡ ಕೌಂಟರಿನ ಮೇಲೆ ಪುಸ್ತಕ ಬಿಡಿಸಿ ಫೋಟೋ ತೆಗೆದು ಕಳಿಸುತ್ತಿದ್ದ. ಆಮೇಲೆ ಅವಳು ಫೋನಿಗೆ ಕಾಯುತ್ತಿದ್ದಳು. ಭಾನುವಾರ ಕಾಯುತ್ತಿದ್ದಳು, ಸೋಮವಾರ ಕಾಯುತ್ತಿದ್ದಳು. ಹೆಚ್ಚಾಗಿದ್ದರೆ ನಾವೇ ಕರೆಸುತ್ತೇವೆ ಎಂದಿದ್ದರು ತಾನೇ? ಫೋನು ಬರಲಿಲ್ಲ. ಹಾಗಾದರೆ ಆರು ಎಂಬುದು ಹೆಚ್ಚಲ್ಲ. ಹಾಗಾದರೆ ಪ್ರಪಂಚದ ಬಸುರಿಯರೆಲ್ಲ ಇದನ್ನು ನುಂಗಿಕೊಂಡೇ ಓಡಾಡುತ್ತಿದ್ದಾರೆ. ತಾನೊಬ್ಬಳೇ ನಾಜೂಕಿನ ರಾಣಿ. ಈ ಯೋಚನೆ ಬಂದ ಮೇಲೆ ಅವಳಿಗೆ ನೋವಿಗಿಂತ ನಾಚಿಕೆಯೇ ಜಾಸ್ತಿಯಾಯಿತು.

ಆರನೇ ತಿಂಗಳು ಡಾಕ್ಟರಮ್ಮನನ್ನು ನೋಡಲು ಹೋದದ್ದು ಮಧ್ಯಾಹ್ನ ಮೂರಕ್ಕೆ. ಅವರು ಕೂರುವುದೇ ಆ ಹೊತ್ತಿಗೆ. ಅಷ್ಟರಲ್ಲಿ ಬೆರಳುಗಳು ನೆಂಟರ ಮುಂದೆ ಕೂತ ಮಕ್ಕಳ ಹಾಗೆ ಸಭ್ಯವಾಗಿಬಿಟ್ಟಿದ್ದವು. ಡಾಕ್ಟರಮ್ಮ ಗಿಣ್ಣುಗಳನ್ನು ಒತ್ತಿ ನೋಡಿದರು. ಅತ್ತೆ ಕೊಟ್ಟ ಪುಸ್ತಕದ ಹಾಳೆ ತಿರುವಿದರು. ರಕ್ತ, ಮೂತ್ರದ ವರದಿ ನೋಡಿದರು.

"ವರದಿ ಚೆನ್ನಾಗಿದೆ. ನೋವೂ ಅಂಥಾ ಹೆಚ್ಚೇನಿಲ್ಲ. ಇಷ್ಟಕ್ಕೆಲ್ಲ ಮಾತ್ರೆ ಏರಿಸೋದು ಬೇಡ. ಬಸುರೀಲಿ ಇಷ್ಟು ಮೈಕೈನೋವು ಎಲ್ಲರಿಗೂ ಇರುತ್ತೆ."

"ಅದನ್ನೇ ನಾನೂ ಹೇಳೋದು ಡಾಕ್ಟ್ರೇ," ಎಂದರು ಅತ್ತೆ, ಸೊಸೆಯ ಬೆನ್ನು ಸವರುತ್ತಾ.

ಅಂಥಾ ಹೆಚ್ಚೇನಿಲ್ಲ ಎಂಬ ಮಾತನ್ನು ಅವಳು ಮನೆಯವರೆಗೆ ಹೊತ್ತು ತಂದಳು. ಒಂದು ರಾತ್ರಿ ಊಟದ ತಟ್ಟೆ ಕೈಜಾರಿ ಬಿದ್ದಾಗ ಗಂಡನಿಗೆ, "ರೀ, ತುಂಬ ನೋಯ್ತಿದೆ," ಎಂದಳು. ಅವನು ಚೂರುಗಳನ್ನು ಗುಡಿಸಿ ಹಾಕಿ, ಪ್ರೀತಿಯಿಂದಲೇ, "ಅಷ್ಟೊಂದೇನಿಲ್ಲ ಬಿಡೇ, ಡಾಕ್ಟರೇ ಹೇಳಿದಾರಲ್ಲ. ಮನಸ್ಸು ಗಟ್ಟಿ ಮಾಡ್ಕೋ," ಎಂದ. ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಕೀಲುಗಳು ಆಗಲೇ ಬೇಕಾದಷ್ಟು ಗಟ್ಟಿಯಾಗಿದ್ದವು.

ಏಳನೇ ತಿಂಗಳಿಗೆ ಎಂಟು ಹತ್ತಾಯಿತು, ಅವಳ ಬಾಯಲ್ಲಿ ಆರು ಎಂಟಾಯಿತು. ಎಂಟು ಎಂದು ಹೇಳಿದ ದಿನ ಅವಳೇ ಬೆಚ್ಚಿದಳು. ಅತ್ತೆಯೂ ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಎಂಟಾ?" ಎಂದರು. "ಹೂಂ," ಎಂದಳು. ಅತ್ತೆ ಬರೆದರು. ಆ ಶನಿವಾರವೂ ಫೋಟೋ ಹೋಯಿತು. ಆ ಭಾನುವಾರವೂ ಫೋನು ಬರಲಿಲ್ಲ. ಎಂಟಕ್ಕೂ ಕರೆಯದವರು ಇನ್ನು ಯಾವುದಕ್ಕೆ ಕರೆದಾರು ಎಂದು ಅವಳು ಕಾಯುವುದನ್ನೇ ಬಿಟ್ಟಳು. ಪಾದ ಊದಿದಾಗ ಬಸುರಿಯರಿಗೆ ಊದುತ್ತದೆ ಎಂದುಕೊಂಡಳು. ತಲೆ ಸಿಡಿದಾಗ ಬಸುರಿಯರಿಗೆ ಸಿಡಿಯುತ್ತದೆ ಎಂದುಕೊಂಡಳು. ಕಣ್ಣ ಮುಂದೆ ಬೆಳ್ಳಿ ಚುಕ್ಕೆಗಳು ಕುಣಿದ ಬೆಳಿಗ್ಗೆ ಮಾತ್ರ ಏನೂ ಅಂದುಕೊಳ್ಳಲು ಆಗಲಿಲ್ಲ, ಬೋಗುಣಿಯ ಮೇಲೆಯೇ ಕುಸಿದಳು.

ಆಸ್ಪತ್ರೆ ತಲುಪಿದಾಗ ಏಳೂವರೆ. ಅಲ್ಲಿದ್ದವನು ಗಡ್ಡ ಸರಿಯಾಗಿ ಬರದ ಡ್ಯೂಟಿ ಡಾಕ್ಟರು. ರಕ್ತದೊತ್ತಡ ನೋಡಿದ, ಮುಖ ಬಿಗಿಯಾಯಿತು. ಮೂತ್ರ ಪರೀಕ್ಷೆಗೆ ಕಳಿಸಿದ. ನಂತರ ಅವಳ ಕೈ ಎತ್ತಿಕೊಂಡು ದಿಟ್ಟಿಸಿದ. ಐದು ವರ್ಷದಲ್ಲಿ ಅವಳ ಬೆಳಗಿನ ಕೈಗಳನ್ನು ನೋಡಿದ ಮೊದಲ ಡಾಕ್ಟರು ಅವನೇ. ಅವನ ಇನ್ನೊಂದು ಕೈಯಲ್ಲಿ ಅತ್ತೆ ಕೊಟ್ಟ ಪುಸ್ತಕ ಇತ್ತು.

"ಇದೇನಮ್ಮ?" ಎಂದ. "ನಿನ್ನೆ ನಾಲ್ಕು. ಮೊನ್ನೆ ನಾಲ್ಕು. ಹೋದ ತಿಂಗಳೆಲ್ಲ ಮೂರು, ಮೂರು, ಮೂರು. ಈ ಕೈಗೆ ನೀವು ನಾಲ್ಕು ಅಂತೀರಾ?"

"ನಾಲ್ಕಾ?" ಎಂದಳು ಅವಳು. "ನಾನು ಎಂಟು ಅಂದಿದ್ದು."

ಡಾಕ್ಟರು ಅತ್ತೆಯ ಕಡೆ ತಿರುಗಿದ. ಅತ್ತೆ ಒಮ್ಮೆ ಅವನನ್ನು, ಒಮ್ಮೆ ಸೊಸೆಯನ್ನು ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವಲ್ಲ ಅದು, ಯಾಕೆ ಕೇಳುತ್ತಿದ್ದಾರೆ ಎಂದೇ ತಿಳಿಯದವರ ಮುಖ.

"ಎಂಟೇ ಅಂದಿದ್ಲು," ಎಂದರು. "ನಾನು ಅರ್ಧ ಹಿಡಿದೆ."

ಯುವ ಡಾಕ್ಟರಿಗೆ ಅರ್ಥವಾಗಲಿಲ್ಲ. ಸೊಸೆಗೆ ಪೂರ್ತಿ ಅರ್ಥವಾಯಿತು. ಅವಳು ಆ ಅಂಗಡಿಯಲ್ಲಿ ಏಳು ವರ್ಷ ಕೂತವಳು. ಎಷ್ಟೋ ಸಾವಿರ ಚೀಟಿಗಳನ್ನು ಬಿಚ್ಚಿ, ಅರ್ಧ ಹಿಡಿದದ್ದನ್ನು ಹೊಲಿಗೆ ಕಾಣದ ಹಾಗೆ ಹೊಲಿದುಕೊಟ್ಟವಳು.

ಮಗುವನ್ನು ಮಾರನೆಯ ದಿನ ಹೊರಗೆ ತೆಗೆದರು. ಮೂವತ್ತು ವಾರ. ಹೆಣ್ಣು. ಒಂದು ಕೆಜಿ ಇನ್ನೂರು ಗ್ರಾಂ. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು, ತಕ್ಷಣ ಎತ್ತಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಕೀಲು ಡಾಕ್ಟರಮ್ಮ ಬಂದು ಮಂಚದ ಪಕ್ಕ ಕುಳಿತರು. ಕಾಯಿಲೆ ಎದ್ದು ಮೂತ್ರಪಿಂಡಕ್ಕೆ ಹೋಗಿದೆ, ಇನ್ನು ಅದಕ್ಕೂ ಮದ್ದು, ಎಷ್ಟು ಉಳಿಯುತ್ತದೋ ಕಾದು ನೋಡಬೇಕು ಎಂದರು. ಪುಸ್ತಕ ಅವರ ತೊಡೆಯ ಮೇಲಿತ್ತು.

"ಸರಿಯಾಗಿ ಬರೆದಿದ್ರೆ ಹೀಗಾಗ್ತಿರಲಿಲ್ವಾ?" ಎಂದು ಅವಳು ಕೇಳಿದಳು.

"ಅದನ್ನ ಯಾರೂ ಆಣೆ ಮಾಡಿ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರಮ್ಮ. ಪುಸ್ತಕದ ಒಂದು ಹಾಳೆ ತಿರುವಿ, "ಆರು ಕಂಡಿದ್ರೆ ಆ ವಾರವೇ ಕರೆಸ್ತಿದ್ದೆ," ಎಂದರು. "ಬೆಳಗಿನ ಹೊತ್ತು ಒಂದ್ಸಲ ಕೈ ನೋಡ್ಬೇಕಿತ್ತು ನಾನೂ." ಅಷ್ಟು ಹೇಳಿ ಎದ್ದು ಹೋದರು.

ಗಂಡ ಬಂದ. ಯೂನಿಫಾರಂ ಕೂಡ ಬಿಚ್ಚಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡಿದ.

"ಫೋಟೋ ತೆಗೀವಾಗ ನೋಡಿದೀರಲ್ಲ ನೀವು," ಎಂದಳು.

"ನೋಡ್ದೆ. ಮೂರು ಅಂತಿತ್ತು. ಸದ್ಯ ಅಂತ ಅಂದ್ಕೊಂಡೆ." ಅವನು ಕೈಯಲ್ಲಿದ್ದ ಟೋಪಿಯನ್ನು ಮಂಚದ ಮೇಲಿಟ್ಟ. "ಮೂರಕ್ಕೇ ಇವಳು ಹೀಗೆ ಆಡ್ತಾಳಲ್ಲ ಅಂತಾನೂ ಅಂದ್ಕೊಂಡೆ. ಸುಳ್ಳು ಹೇಳಲ್ಲ. ಆದ್ರೆ ಅಮ್ಮ ಬೇಕಂತ ಮಾಡಿದ್ದಲ್ಲ ಕಣೇ."

ಬೇಕೆಂದು ಯಾರೂ ಮಾಡಿರಲಿಲ್ಲ. ಅದೇ ಅವಳ ಹೊಟ್ಟೆ ಉರಿಸಿದ್ದು. ಬೇಕೆಂದು ಮಾಡಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು, ಬೀದಿಗೆ ನಿಂತು ಬೈಯಬಹುದಿತ್ತು. ಇಲ್ಲಿ ನೀರು ಕಾಯಿಸಿದವರೂ ಅವರೇ, ಬೆರಳು ನೀವಿದವರೂ ಅವರೇ, ಅರ್ಧ ಹಿಡಿದವರೂ ಅವರೇ. ಜೊತೆಗೆ ತನ್ನದೂ ಒಂದು ಪಾಲಿತ್ತಲ್ಲ. ಎಂಟನ್ನು ಆರು ಮಾಡಿದ್ದು ಯಾರು? ಅದನ್ನು ಯಾವ ಅತ್ತೆಯೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಒಳ್ಳೆಯ ಸೊಸೆ ಎನಿಸಿಕೊಳ್ಳಲು ಅವಳೇ ಎರಡು ಕತ್ತರಿಸಿದ್ದಳು, ಮಿಕ್ಕಿದ್ದರಲ್ಲಿ ಅತ್ತೆ ಅರ್ಧ ಹಿಡಿದಿದ್ದರು, ಆ ಅರ್ಧವನ್ನೂ ಗಂಡ ಪೂರ್ತಿ ನಂಬಿರಲಿಲ್ಲ. ಮನೆಮಂದಿಯೆಲ್ಲ ಸೇರಿ ಒಂದು ನೋವನ್ನು ಅಚ್ಚುಕಟ್ಟಾಗಿ ಸಣ್ಣದು ಮಾಡಿದ್ದರು. ಹೊಲಿಗೆ ಎಲ್ಲೂ ಕಾಣಲಿಲ್ಲ.

ಮೂರನೆಯ ದಿನ ಅವಳನ್ನು ಗಾಲಿಕುರ್ಚಿಯಲ್ಲಿ ಗಾಜಿನ ಪೆಟ್ಟಿಗೆಯ ಹತ್ತಿರ ಕರೆದೊಯ್ದರು. ಪಕ್ಕದ ಕಿಂಡಿಯಿಂದ ಒಂದು ಬೆರಳು ಒಳಗಿಡಬಹುದು ಎಂದಳು ನರ್ಸು. ಮಗು ಆ ಬೆರಳನ್ನು ಹಿಡಿಯಿತು. ಅಷ್ಟು ಸಣ್ಣ ಮುಷ್ಟಿ, ಊದಿದ ಗಿಣ್ಣಿನ ಮೇಲೆ. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು. ನರ್ಸು ಅದನ್ನು ಸಂತೋಷ ಎಂದುಕೊಂಡು ಅವಳ ಭುಜ ತಟ್ಟಿದಳು. ಅವಳು ಬೆರಳು ಬಿಡಿಸಿಕೊಳ್ಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ವಾರ್ಡಿಗೆ ಬಂದರು. ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಬೋಗುಣಿ ಗಿಟ್ಟಿಸಿದ್ದರು, ಬಿಸಿನೀರನ್ನೂ ಗಿಟ್ಟಿಸಿದ್ದರು. ಮೂರು ದಿನದಲ್ಲಿ ಅವರ ಮುಖ ಇಳಿದುಹೋಗಿತ್ತು. ಅಂಗಡಿಯ ಬಾಗಿಲು ತೆಗೆದಿಲ್ಲ ಎಂದು ಗಂಡ ಹೇಳಿದ್ದ. ಮೂವತ್ತು ವರ್ಷದಲ್ಲಿ ಇದೇ ಮೊದಲು.

ಮೊಣಕೈ ಅದ್ದಿ ಹದ ನೋಡಿದರು. ಸೊಸೆಯ ಕೈಗಳನ್ನು ನೀರಿಗಿಳಿಸಿದರು. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಗಿಣ್ಣು ನೀವಿದರು. ಅವರ ಕೈಗೆ ಈ ಕೆಲಸ ಈಗಲೂ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕೈ ಒರೆಸಿಕೊಂಡು ಅತ್ತೆ ಪುಸ್ತಕ ತೆಗೆದರು. ಪುಸ್ತಕ ನಿಲ್ಲಿಸಬಾರದು ಎಂದಿದ್ದರು ಡಾಕ್ಟರಮ್ಮ. ಅವಳ ಬೆರಳು ಇನ್ನೂ ಪೆನ್ಸಿಲ್ ಹಿಡಿಯುತ್ತಿರಲಿಲ್ಲ.

"ಈ ಸಲ ನೀನು ಹೇಳಿದಷ್ಟೇ ಬರೀತೀನಿ," ಎಂದರು. ದನಿ ಸಣ್ಣದಾಗಿತ್ತು. "ಎಷ್ಟಮ್ಮ ಇವತ್ತು?"

ಎಷ್ಟೇ ಹೋಗಿ ಎಷ್ಟಮ್ಮ ಬಂದಿತ್ತು. ಹೊಸದಾಗಿ ಬಂದ ಗಿರಾಕಿಯನ್ನು ಮಾತಾಡಿಸುವ ಹಾಗೆ. ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು:

"ಹದಿನಾರು."

ಪೆನ್ಸಿಲ್ ನಿಂತಿತು. "ಹತ್ತರ ತನಕ ಅಲ್ವೇನೇ ಇರೋದು?"

"ಹೌದು ಅತ್ತೆ. ನಿಮಗೆ ಹೇಳೋವಾಗ ಹದಿನಾರು. ಅರ್ಧ ಹಿಡೀರಿ, ಎಂಟಾಗುತ್ತೆ."

ಪಕ್ಕದ ಮಂಚದವಳು ಚಮಚದಿಂದ ಲೋಟ ಕಲಕುವುದನ್ನು ನಿಲ್ಲಿಸಿದಳು. ಅತ್ತೆ ಅಳುತ್ತಾರೆ ಎಂದುಕೊಂಡಿದ್ದಳು ಸೊಸೆ. ಅಳಲಿ ಎಂದೇ ಹೇಳಿದ್ದು. ಈ ಮಾತನ್ನು ಹಿಂದಿನ ದಿನವೆಲ್ಲ ಮನಸ್ಸಿನಲ್ಲಿ ಮಸೆದು ಮಸೆದು ಇಟ್ಟುಕೊಂಡಿದ್ದಳು, ಹೇಳಿದರೆ ಎದೆ ಹಗುರವಾಗುತ್ತದೆ ಎಂದು ನಂಬಿದ್ದಳು. ಹಗುರವಾಗಲಿಲ್ಲ. ಅತ್ತೆ ಅಳಲೂ ಇಲ್ಲ. ತುಂಬ ಹೊತ್ತು ಪುಸ್ತಕ ನೋಡುತ್ತಾ ಕುಳಿತು, ಆಮೇಲೆ ನಿಧಾನವಾಗಿ, ಶಾಲೆಯ ಮಗು ಬರೆಯುವ ಹಾಗೆ ಒತ್ತಿ ಬರೆದರು. ಬರೆದು, ಇಷ್ಟು ತಿಂಗಳಲ್ಲಿ ಮೊದಲ ಸಲ, ಪುಟವನ್ನು ಸೊಸೆಯ ಕಡೆ ತಿರುಗಿಸಿ ಹಿಡಿದರು. ಹದಿನಾರು ಎಂದೇ ಬರೆದಿತ್ತು.

ಅವಳು ಓದಿದಳು. ಬೋಗುಣಿಯ ನೀರು ಆರುತ್ತಾ ಬಂತು.

ಬಾಗಿಲಲ್ಲಿ ನರ್ಸು ಮುಖ ತೋರಿಸಿ, ಮಗುವನ್ನು ನೋಡಲು ಬರಬಹುದು ಎಂದಳು. ಅತ್ತೆ ಪುಸ್ತಕ ಬದಿಗಿಟ್ಟು ಎದ್ದು, ಸೊಸೆಯನ್ನು ಎಬ್ಬಿಸಲು ಎರಡೂ ಕೈ ಚಾಚಿದರು. ಅವಳು ಆ ಕೈಗಳನ್ನು ನೋಡಿದಳು. ಆಮೇಲೆ ಮಂಚದ ಕಬ್ಬಿಣದ ಕಂಬಿ ಹಿಡಿದು ತಾನೇ ಎದ್ದಳು. ಹಾಗೆ ಎದ್ದದ್ದು ಹೆಚ್ಚು ನೋಯಿತು.